ಗಾಣಿಗರ ಓಣಿಯ ಸೀಸೆಸಮರ

ಕೃತ, ತ್ರೇತಾ, ದ್ವಾಪರಗಳೆಂಬ ಮೂರು ಯುಗಗಳು ಬಾವಿಯ ಹಗ್ಗದಂತೆ ಒಂದರ ಹಿಂದೊಂದು ಕೆಳಗಿಳಿದು ಹೋಗಿ, ಕಲಿಯುಗವೆಂಬ ನಾಲ್ಕನೆಯದು ಕೊಡ ಹಿಡಿದು ಸಾಲಿನಲ್ಲಿ ನಿಂತಿರುವಾಗ, ಸಕಲಜೀವಾಧಾರೆಯೂ ಸಕಲತಾಪಹಾರಿಣಿಯೂ ಆದ ಜಲಮಾತೆಯು ಕಪ್ಪರಗಟ್ಟಿಯೆಂಬ ಸಣ್ಣ ಪಟ್ಟಣಕ್ಕೆ ನಾಲ್ಕು ದಿನಗಳಿಗೊಮ್ಮೆ, ಅದೂ ಮುಂಜಾನೆ ಆರರಿಂದ ಏಳೂಕಾಲರವರೆಗೆ, ದಯಮಾಡಿಸುತ್ತಿದ್ದಳು. ತಾಯೇ, ಹಿಂದೊಮ್ಮೆ ಪರಶಿವನ ಜಡೆಯಲ್ಲಿ ಸಿಕ್ಕಿಕೊಂಡವಳೇ, ಈಗೀಗ ಬಸ್‌ಸ್ಟ್ಯಾಂಡಿನ ಹಿಂದಿನ ಪೈಪಿನ ತಿರುವಿನಲ್ಲಿ ಸಿಕ್ಕಿಕೊಳ್ಳುವವಳೇ, ನಿನ್ನನ್ನು ನೆನೆಯದೆ ಈ ಕಥೆಗೆ ಬಾಯಿ ತೆರೆಯುವುದು ತರವಲ್ಲ, ಗಂಟಲೂ ಆರುತ್ತದೆ.

ಆ ತಾಯಿಯ ದ್ವಾರಪಾಲಕನಾಗಿ, ಆಳುದ್ದದ ಕಬ್ಬಿಣದ ಚಾವಿಯನ್ನು ಗದೆಯಂತೆ ಹೆಗಲೇರಿಸಿ, ಬೀದಿಬೀದಿಯ ವಾಲ್ವುಗಳನ್ನು ತಿರುವಿ ನೀರು ಬಿಡುತ್ತಿದ್ದವನೇ ಚತುರ್ದಿನೈಕವಾರಜಲಪ್ರದಾಯಕನೂ, ಕರ್ದಮಲಿಪ್ತಜಾನುದ್ವಯಶೋಭಿತನೂ, ಪಟ್ಟಣ ಪಂಚಾಯಿತಿಯ ನೀರುಗಂಟಿಯೂ ಆದ ಈರಭದ್ರಪ್ಪ. ಅವನು ಚಾವಿಯನ್ನು ಎಡಕ್ಕೆ ತಿರುವಿದರೆ ಹನ್ನೆರಡು ಓಣಿಗಳು ನಗುತ್ತಿದ್ದವು. ಬಲಕ್ಕೆ ತಿರುವಿದರೆ ಅದೇ ಹನ್ನೆರಡು ಓಣಿಗಳು ಅವನ ವಂಶವನ್ನು ನೆನೆಯುತ್ತಿದ್ದವು. ಬೈಗುಳವನ್ನೂ ಬಿಲ್ವಪತ್ರೆಯಂತೆ ತಲೆಯ ಮೇಲಿಟ್ಟುಕೊಂಡು ಮನೆಗೆ ಹೋಗುವ ಸಾತ್ವಿಕ ಜೀವ ಅದು.

ಅಂಥವನೂ ಒಂದು ವಿಷಯದಲ್ಲಿ ಮಾತ್ರ ಕಲ್ಲಾಗಿದ್ದ. ಹಿಂದಿನ ತಿಂಗಳು ಗಾಣಿಗರ ಓಣಿಯಲ್ಲಿ ಹನ್ನೊಂದು ಮಂದಿಗೆ ವಾಂತಿಭೇದಿ ಹಿಡಿದಿತ್ತು. ಅವರಲ್ಲಿ ಅವನ ಏಳು ವರ್ಷದ ಮಗಳು ಚೆನ್ನಿಯೂ ಒಬ್ಬಳು. ಮೂರು ದಿನ ದವಾಖಾನೆಯಲ್ಲಿ ಸಲೈನು ಹಚ್ಚಿಸಿಕೊಂಡು ಮಲಗಿದ್ದಳು. ಓಣಿಯ ನಡುವಿನ ಸಿಹಿನೀರ ಬಾವಿಯಿಂದಲೇ ಇದಾಯಿತೆಂದು ನೀರುಗಂಟಿಯ ನಂಬಿಕೆ. ಅಕ್ಕಸಾಲಿಗರ ಮದುವೆಯ ಬಾಸುಂದಿಯಿಂದ ಆಯಿತೆಂದು ಓಣಿಯ ನಂಬಿಕೆ. ಮಗಳು ಮನೆಗೆ ಬಂದ ದಿನವೇ ಅವನು ಮೇಲಿನವರಿಗೆ ಹೇಳಿ ಬಾವಿಗೆ ತಗಡಿನ ಮುಚ್ಚಳ ಹಾಕಿಸಿ ಬೀಗ ಜಡಿಸಿದ. ನಳದ ನೀರಿನ ಟಾಕಿಗೆ ಬ್ಲೀಚಿಂಗ್ ಪೌಡರ್ ಹಾಕತೊಡಗಿದ. ಆ ಮುಚ್ಚಳ ಮತ್ತೆ ತೆರೆಯಬಾರದು. ಈ ಭೂಮಂಡಲದಲ್ಲಿ ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಇನ್ನು ಎದುರಾಳಿಯ ವಿಷಯ. ಓಣಿಯ ತುದಿಯಲ್ಲಿ ಖಾನಾವಳಿ ನಡೆಸುವ, ಹದಿನೆಂಟು ವರ್ಷಗಳಿಂದ ಕಡೆಗೋಲನ್ನು ಕೆಳಗಿಡದ, ಕರಿಬೇವುಶುಂಠಿಸುವಾಸಿತತಕ್ರಸಮುದ್ರಾಧಿದೇವತೆಯೂ ಕಡಕ್‌ರೊಟ್ಟಿಮಂಡಲಾಧೀಶ್ವರಿಯೂ ಆದ ಬಸಲಿಂಗವ್ವ! ಅವಳ ಮಜ್ಜಿಗೆಗಾಗಿ ಲಾರಿ ಡ್ರೈವರುಗಳು ಹೆದ್ದಾರಿ ಬಿಟ್ಟು ಆರು ಕಿಲೋಮೀಟರು ಒಳಗೆ ಬರುತ್ತಿದ್ದರು. ಈಗ, ಬಾವಿ ಮುಚ್ಚಿ ನಳದ ನೀರು ಬೆರೆಸತೊಡಗಿದ ಮೇಲೆ, ಅಂಥ ಡ್ರೈವರನೊಬ್ಬ ಒಂದು ಗುಟುಕು ಕುಡಿದು, "ಅಕ್ಕಾ, ಮಜ್ಜಿಗಿ ದವಾಖಾನಿ ನೆಲ ಒರಸಿದಂಗ ನಾರತೈತಿ" ಎಂದು ತಂಬಿಗೆ ಸರಿಸಿ ಎದ್ದುಹೋದ. ತಂಬಿಗೆ ಸರಿಸುವುದು! ಇದಕ್ಕಿಂತ ಸಣ್ಣ ಕಾರಣಗಳಿಗೆ ಸಾಮ್ರಾಜ್ಯಗಳು ಉರುಳಿವೆ.

ಬಸಲಿಂಗವ್ವ ಅಂದೇ ಅರ್ಜಿ ಬರೆಸಿದಳು: ಪೌಡರ್ ನಿಲ್ಲಿಸಬೇಕು, ಬಾವಿಯ ಬೀಗ ತೆಗೆಸಬೇಕು. ಮಂಗಳವಾರ ಹತ್ತು ಗಂಟೆಗೆ ಪಂಚಾಯಿತಿಯ ಮುಖ್ಯಾಧಿಕಾರಿ ಓಣಿಗೆ ಬರುವವರಿದ್ದರು. ಅಷ್ಟರೊಳಗೆ ಓಣಿಯವರೆಲ್ಲ ಸಹಿ ಹಾಕಿದರೆ ಮುಚ್ಚಳ ತೆರೆಯುವುದು ಖಂಡಿತ.

ಭಾನುವಾರ ನೀರು ಬಿಡುವ ದಿನ. ಸೂರ್ಯದೇವನು ಇನ್ನೂ ಬಾಯಿ ಮುಕ್ಕಳಿಸುತ್ತಿರುವಾಗಲೇ ಈರಭದ್ರಪ್ಪ ಓಣಿಗೆ ಕಾಲಿಟ್ಟನು. ಎಡಬಲದಲ್ಲಿ ತಾಮ್ರದ ಕೊಡಗಳ, ಪ್ಲಾಸ್ಟಿಕ್ ಬಿಂದಿಗೆಗಳ, ಎಣ್ಣೆಯ ಡಬ್ಬಿಗಳ ಚತುರಂಗಸೇನೆ ಸಾಲಾಗಿ ನಿಂತಿತ್ತು. ಸೇನೆಯ ಮುಂದೆ, ಸೆರಗನ್ನು ಸೊಂಟಕ್ಕೆ ಬಿಗಿದು, ಬಸಲಿಂಗವ್ವ.

"ಬಾರೋ ಈರಭದ್ರಾ, ಬಾ. ನೀರು ಬಿಡಾಕ ಬಂದೀಯೋ, ಇಷಾ ಬಿಡಾಕ ಬಂದೀಯೋ?"

ಆಗ ಆ ವೀರನ ಹೃದಯದಲ್ಲಿ ಗುಡುಗು ಎದ್ದಿತು: "ಎಲೌ ತಕ್ರಸಾಮ್ರಾಜ್ಞಿಯೇ, ಕೇಳು! ಕೃಮಿಕುಲಕಾಲಾಂತಕವಾದ ಈ ಶ್ವೇತಚೂರ್ಣಾಸ್ತ್ರವನ್ನು ನಾನು ಪ್ರಯೋಗಿಸಿದ್ದು ನಿನ್ನ ಕೀರ್ತಿಯನ್ನು ಸುಡಲೆಂದಲ್ಲ, ಈ ಓಣಿಯ ಕಂದಮ್ಮಗಳ ಕುಕ್ಷಿಯನ್ನು ಕಾಯಲೆಂದು! ಬಾವಿಯ ಮುಚ್ಚಳ ತೆರೆಯುವ ಮೊದಲು ಈ ಈರಭದ್ರನ ಎದೆಯ ಕವಾಟ ತೆರೆಯಬೇಕು!"

ಗಂಟಲು ದಾಟಿ ಹೊರಬಂದದ್ದು ಮಾತ್ರ, "ಹಂಗಲ್ರೀ ಅಕ್ಕಾರ…" ಎಂಬಷ್ಟೇ.

"ಹಂಗೂ ಅಲ್ಲ, ಹಿಂಗೂ ಅಲ್ಲ!" ಎಂದಳು ಬಸಲಿಂಗವ್ವ. "ಆ ಬಾವಿ ನೀರು ಕುಡದು ನಮ್ಮತ್ತಿ ತೊಂಬತ್ತು ದಾಟ್ಯಾಳ. ಇನ್ನೂ ಕಟಕಟ ಅಡಕಿ ಕಡೀತಾಳ! ನಳದ ನೀರು ಕುಡಿಯಾಂವ ನೀನು, ನಲವತ್ತಕ್ಕ ಎರಡು ಹಲ್ಲು ಬಿದ್ದಾವ!"

ಸೇನೆ ಘೊಳ್ಳೆಂದು ನಕ್ಕಿತು. ಈರಭದ್ರಪ್ಪ ಬಾಯಿಗೆ ಕೈ ಅಡ್ಡ ಹಿಡಿದು, "ಅದು ವಾಲ್ವಿನ ಚಾವಿ ಬಡದು ಬಿದ್ದದ್ರೀ" ಎಂದ. ಆದರೆ ನಗೆಯ ಮಹಾಪೂರದಲ್ಲಿ ಸತ್ಯದ ಹುಲ್ಲುಕಡ್ಡಿ ಎಲ್ಲಿ ನಿಂತೀತು?

"ನನ್ನ ಮಗಳು ಸಲೈನ್ ಮ್ಯಾಲ ಇದ್ದದ್ದು ನೀವೂ ನೋಡೀರಿ, ಅಕ್ಕಾರ." ಈ ಮಾತನ್ನು ಅವನು ಮೆಲ್ಲಗೆ ಹೇಳಿದ. ನಗು ಸ್ವಲ್ಪ ಇಳಿಯಿತು. ವಾಂತಿಭೇದಿ ಕಂಡಿದ್ದ ಮನೆಗಳ ಕೆಲವರು ಕೊಡ ಎತ್ತಿಕೊಂಡು ಅವನ ಪಕ್ಕಕ್ಕೆ ಸರಿದು ನಳದ ಪಕ್ಷವಾದರು.

"ನೋಡೀನಪಾ. ಬಾಳಿಹಣ್ಣು ತಗೊಂಡು ಬಂದಿದ್ನಿ" ಎಂದಳು ಬಸಲಿಂಗವ್ವ, ದನಿಯನ್ನು ಅರ್ಧ ತಗ್ಗಿಸಿ. ಮತ್ತೆ ಅಷ್ಟೇ ಏರಿಸಿ, "ಆದ್ರ ಅದು ಬಾಸುಂದಿ!" ಎಂದಳು.

ಈ ಕೋಲಾಹಲದ ನಡುವೆ, ಪಾಟಲವರ್ಣಾಂಬರಧಾರಿಣಿಯಾಗಿ, ಅಂದರೆ ಗುಲಾಬಿ ಸೀರೆ ಉಟ್ಟುಕೊಂಡು, ಆ ಭಾಗದ ಆಶಾ ಕಾರ್ಯಕರ್ತೆ ಮೈಮುನಾ ಬಂದಳು. ಅವಳ ಚೀಲದಲ್ಲಿ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ, ತಳದಲ್ಲಿ ನೀರು ಪರೀಕ್ಷಿಸುವ ಮದ್ದಿದ್ದ ಎರಡು ಗಾಜಿನ ಸೀಸೆಗಳಿದ್ದವು.

"ಬಾಯಿಲೆ ಯಾಕ ಬಡಿದಾಡ್ತೀರಿ? ಒಂದರಾಗ ನಳದ ನೀರು ಹಾಕೋಣು, ಇನ್ನೊಂದರಾಗ ಬಾವಿ ನೀರು. ಎರಡು ದಿನ ಬೆಚ್ಚಗ ಇಡೋಣು. ಹೊಲಸು ಇದ್ದ ನೀರು ಕರ್ರಗಾಗತೈತಿ. ಸ್ವಚ್ಛ ಇದ್ರ ಹಂಗ ಇರತೈತಿ."

ದಿವ್ಯಾಸ್ತ್ರಗಳನ್ನು ಕಂಡ ಉಭಯ ಸೇನೆಗಳೂ ಸ್ತಬ್ಧವಾದವು. ಬೀಗ ತೆಗೆದು ಬಾವಿಯಿಂದ ಒಂದು ತಂಬಿಗೆ ನೀರು ಸೇದಿದರು. ಬೀಗವನ್ನು ಈರಭದ್ರಪ್ಪ ತಾನೇ ಮತ್ತೆ ಜಡಿದು ಮೂರು ಸಲ ಜಗ್ಗಿ ನೋಡಿದ. ಸೀಸೆಗಳು ತುಂಬಿದವು. ಹೆಸರು ಬರೆಯಬೇಕೆಂದರೆ ಮೈಮುನಾಳ ಪೆನ್ನು ಗಾಜಿನ ಮೇಲೆ ಮೂಡಲೊಲ್ಲದು.

"ಪೆನ್ನು ಬ್ಯಾಡ" ಎಂದಳು ಬಸಲಿಂಗವ್ವ. "ಪೆನ್ನಿನ ಗುರುತು ಯಾರರ ಅಳಿಸ್ಯಾರು. ನಳದ ಬಾಟ್ಲಿಗೆ ಇಬತ್ತಿ ಹಚ್ಚೋಣು, ಬಾವಿ ಬಾಟ್ಲಿಗೆ ಕುಂಕುಮ. ನಮ್ಮ ದೇವರ ಜಗಲಿ ಮ್ಯಾಲ ಇಡೋಣು. ದೇವರ ಗುರುತು ಅಳಿಸೋ ಗಂಡಸು ಈ ಓಣ್ಯಾಗ ಹುಟ್ಟಿಲ್ಲ!"

ಈ ಮಾತಿಗೆ ಎರಡೂ ಪಕ್ಷಗಳು ತಲೆದೂಗಿದವು. ಈರಭದ್ರಪ್ಪನಂತೂ ಕಣ್ಣು ಮುಚ್ಚಿ ಕೈ ಮುಗಿದ. ಮನುಷ್ಯರ ಮಾತು ಸೋತಲ್ಲಿ ದೇವರ ಜಗಲಿಯೇ ನ್ಯಾಯಾಲಯವಾಗುವುದು ಸರಿ ಎನ್ನಿಸಿತು ಅವನಿಗೆ.

ಇನ್ನು ಯುದ್ಧವನ್ನು ವರ್ಣಿಸಬೇಕು. ಆದರೆ ಹೇಗೆ ವರ್ಣಿಸುವುದು? ಎರಡು ಸೀಸೆಗಳು ಜಗಲಿಯ ಮೇಲೆ ಸುಮ್ಮನೆ ಕೂತಿದ್ದವು. ಎದುರಿಗೆ ಉಭಯ ಸೇನೆಗಳು ಚಾಪೆ ಹಾಸಿಕೊಂಡು ಕೂತಿದ್ದವು. ಒಬ್ಬರು ಸೊಪ್ಪು ಸೋಸಿದರು. ಇನ್ನೊಬ್ಬರು ಮಗುವಿನ ತಲೆಯಲ್ಲಿ ಹೇನು ನೋಡಿದರು. ಮಧ್ಯಾಹ್ನ ಮೂರರ ಸುಮಾರಿಗೆ ಹಿಟ್ಟಿನ ಗಿರಣಿಯ ಮಾನಪ್ಪ, "ಕರ್ರಗಾತು! ನಳದ್ದು ಕರ್ರಗಾತು!" ಎಂದು ಸಿಂಹನಾದ ಮಾಡಿದ. ಗೋಡೆಗಳು ನಡುಗಿದವು. ಬಳಿಸಾರಿ ನೋಡಿದರೆ ಸೀಸೆಯ ಮೇಲೆ ನೊಣ ಕೂತಿತ್ತು. ಮೈಮುನಾ ಕೈ ಬೀಸಿದಳು, ಹಾರಿಹೋಯಿತು. ಆ ದಿನದ ಕದನದಲ್ಲಿ ಚಲಿಸಿದ ಏಕೈಕ ಯೋಧ ಆ ನೊಣವೇ.

ಸೋಮವಾರ ಎಲ್ಲರೂ ಅವರವರ ಕೆಲಸಕ್ಕೆ ಹೋದರು. ವೀರರಿಗೂ ಹೊಟ್ಟೆಯಿದೆ.

ಮಂಗಳವಾರ ಎಂಟು ಗಂಟೆಗೆ ಓಣಿಗೆ ಓಣಿಯೇ ಖಾನಾವಳಿಯ ಒಳಮನೆಯಲ್ಲಿ ನೆರೆಯಿತು. ಈರಭದ್ರಪ್ಪ ಮಿಂದು ಮಡಿಯುಟ್ಟು ಬಂದಿದ್ದ. ಮೈಮುನಾ ಜಗಲಿಯ ಮುಂದಿನ ಪರದೆ ಸರಿಸಿದಳು.

ಒಂದು ಸೀಸೆ ಇದ್ದಂತೆಯೇ ಇತ್ತು. ಇನ್ನೊಂದು ಕಾರ್ತೀಕದ ಅಮಾವಾಸ್ಯೆಯಂತೆ, ಗಾಣದ ಮಸಿಯಂತೆ, ಕರ್ರಗೆ ಕರ್ರಗಾಗಿತ್ತು.

"ಅಯ್ಯೋ ಶಿವನೇ!" ಎಂದಿತು ಓಣಿ.

"ಯಾವುದದು? ಇಬತ್ತಿದೋ ಕುಂಕುಮದ್ದೋ?" ಎಂದು ಬಸಲಿಂಗವ್ವ ಮುಂದೆ ನುಗ್ಗಿದಳು. ನುಗ್ಗಿದವಳು ಅಲ್ಲಿಯೇ ನಿಂತಳು. ಎರಡು ಸೀಸೆಗಳ ಮೇಲೂ ಮೂರೆಳೆಯ ವಿಭೂತಿ ಇತ್ತು. ಎರಡರ ಮೇಲೂ ವಿಭೂತಿಯ ನಡುವೆ ದುಂಡನೆಯ ಕುಂಕುಮವಿತ್ತು. ಎರಡರ ನೆತ್ತಿಯ ಮೇಲೂ ಒಂದೊಂದು ಕಣಗಿಲೆ ಹೂವಿತ್ತು.

"ಅತ್ತೀ!" ಎಂದು ಕೂಗಿದಳು ಬಸಲಿಂಗವ್ವ.

ಮೂಲೆಯಲ್ಲಿ ಕೂತು ಅಡಿಕೆ ಕಡಿಯುತ್ತಿದ್ದ ಅವಳ ಅತ್ತೆ, ತೊಂಬತ್ತು ದಾಟಿದ ಗುರುಬಾಯಿ, ತಲೆ ಎತ್ತಿದಳು.

"ಏನಬೇ?"

"ಈ ಬಾಟ್ಲಿಗೆ ಯಾರು ಪೂಜಿ ಮಾಡಿದ್ರು?"

"ಮತ್ಯಾರು ಮಾಡ್ತಾರು? ನಿನ್ನೆ ಸೋಮಾರ. ಜಗಲಿ ಮ್ಯಾಲ ಕುಂತಾವಕ್ಕ ಪೂಜಿ ಮಾಡ್ದೆ ಬಿಡಾಕ ಬರತೈತೇನು? ಒಬ್ಬಗ ಬರೇ ಇಬತ್ತಿ, ಒಬ್ಬಗ ಬರೇ ಕುಂಕುಮ ಹಚ್ಚಿ ಬಿಟ್ಟೀರಿ, ಅರ್ಧಂಬರ್ಧ! ತೊಳದು ಒರಸಿ, ಚಂದಗ ಹಚ್ಚಿ, ಜಾಗಾನೂ ಬದಲಿ ಮಾಡಿ ಕುಂದ್ರಿಸೀನಿ. ಎಷ್ಟ್ ಲಕ್ಷಣ ಕಾಣ್ತಾವ ನೋಡು ಈಗ."

ಯಾವ ನೀರು ಕರಿದಾಯಿತೆಂಬುದನ್ನು ಬಲ್ಲವನು ಸರ್ವಸಾಕ್ಷಿಯಾದ ಪರಶಿವನೊಬ್ಬನೇ. ಎರಡು ದಿನವೂ ಅವನು ಅದೇ ಜಗಲಿಯ ಮೇಲೆ, ಸೀಸೆಗಳ ಪಕ್ಕದಲ್ಲೇ ಕೂತಿದ್ದ. ಆದರೆ ಅವನ ಸಾಕ್ಷಿ ತೆಗೆದುಕೊಳ್ಳುವ ಪದ್ಧತಿ ಪಟ್ಟಣ ಪಂಚಾಯಿತಿಯಲ್ಲಿಲ್ಲ.

"ಇನ್ನೊಮ್ಮೆ ನೋಡಬೇಕಂದ್ರ ಬಾಟ್ಲಿ ಬರೂದು ಮುಂದಿನ ತಿಂಗಳ" ಎಂದಳು ಮೈಮುನಾ.

ಆಗ ಒಂದು ವಿಚಿತ್ರ ನಡೆಯಿತು. ನಳದ ಪಕ್ಷದವರು ನಳದ ಕಡೆ ನೋಡಿದರು, ಬಾವಿಯ ಪಕ್ಷದವರು ಬಾವಿಯ ಕಡೆ ನೋಡಿದರು, ಆಮೇಲೆ ಎಲ್ಲರೂ ತಂತಮ್ಮ ಹೊಟ್ಟೆಯ ಕಡೆ ನೋಡಿಕೊಂಡರು. ಬೆಳಿಗ್ಗೆ ಕುಡಿದದ್ದು ಯಾವುದು? ಕರಿಯದೋ, ಬಿಳಿಯದೋ? ಸಹಿ ಹಾಕಲು ಪೆನ್ನು ಹಿಡಿದು ಬಂದಿದ್ದ ಮಾನಪ್ಪ ಅದನ್ನು ಮೆಲ್ಲಗೆ ಜೇಬಿಗೆ ಸೇರಿಸಿದ. "ಬಾವಿ ತೆಗಿಸೋದು ಸದ್ಯಕ ಬ್ಯಾಡ. ಮನ್ಯಾಗ ಸಣ್ಣ ಕೂಸು ಐತಿ" ಎಂದ. ಅವನ ಹಿಂದಿದ್ದವರಿಗೂ ಮನೆಯಲ್ಲಿ ಸಣ್ಣ ಕೂಸುಗಳಿದ್ದುದು ನೆನಪಾಯಿತು.

ಈರಭದ್ರಪ್ಪನ ಎದೆಯ ಮೇಲಿಂದ ಒಂದು ತಗಡಿನ ಮುಚ್ಚಳದಷ್ಟು ಭಾರ ಇಳಿಯಿತು. ಜಯಘೋಷ ಮಾಡಬಹುದಿತ್ತು. ಆದರೆ ಬಸಲಿಂಗವ್ವ ತನ್ನ ಮಜ್ಜಿಗೆಯ ಗಡಿಗೆಯ ಮುಂದೆ ಕುಕ್ಕರಿಸಿ ಕೂತಿದ್ದಳು. ಹದಿನೆಂಟು ವರ್ಷದ ಹೆಸರು ಆ ಗಡಿಗೆಯಲ್ಲಿತ್ತು.

"ಅಕ್ಕಾರ," ಎಂದ ಅವನು, "ನಳದ ನೀರನ್ನ ಬಾಯಿ ತೆರೆದ ಪಾತ್ರ್ಯಾಗ ಕಳಕಳ ಕುದಿಸ್ರಿ. ಆರಿಸಿ ಮಜ್ಜಿಗಿಗೆ ಹಾಕ್ರಿ. ವಾಸನೀನೂ ಹೋಗತೈತಿ, ಅಂಜಿಕೀನೂ ಹೋಗತೈತಿ. ನಮ್ಮ ಚೆನ್ನಿಗೆ ಹಂಗ ಕೊಡಾಕತ್ತೀನಿ."

"ಮೊದಲ ಹೇಳಾಕ ಏನಾಗಿತ್ತೋ ನಿನಗ?"

"ನೀವು ಮಾತಾಡಾಕ ಎಲ್ಲಿ ಬಿಟ್ರಿ?"

ಹೀಗೆ ಬ್ರಹ್ಮಾಂಡವನ್ನೇ ನಡುಗಿಸಬಹುದಾಗಿದ್ದ ಆ ಮಹಾಸಮರವು ಒಲೆಯ ಮೇಲಿನ ಒಂದು ಪಾತ್ರೆಯ ನೀರಿಗೆ ಬಂದು ನಿಂತಿತು. ಹತ್ತು ಗಂಟೆಗೆ ಮುಖ್ಯಾಧಿಕಾರಿ ಬಂದರು. ಅರ್ಜಿಯ ಮೇಲೆ ಒಂದೂ ಸಹಿ ಇಲ್ಲದ್ದನ್ನು ಕಂಡು ಸಂತೋಷಪಟ್ಟರು. ಚಹಾದ ನೀರು ಯಾವುದೆಂದು ಎರಡು ಸಲ ಕೇಳಿ, ಕುಡಿದು, ಹೋದರು.

ಪಾತ್ರೆ ಕುದಿಯಿತು. ಬಸಲಿಂಗವ್ವ ಹಬೆಗೆ ಮೂಗು ಹಿಡಿದು ನೋಡಿದಳು. ಕುದಿಯುತ್ತ ಕುದಿಯುತ್ತ ದವಾಖಾನೆ ಹೊರಟುಹೋಗಿತ್ತು. ಒಂದು ಸ್ಟೀಲಿನ ಲೋಟದಲ್ಲಿ ತೋಡಿ, "ತಗೋ, ವಾಸನಿ ಐತೇನ್ ನೋಡು" ಎಂದು ನೀರುಗಂಟಿಗೆ ಕೊಟ್ಟಳು. ಕೃಮಿಕುಲಕಾಲಾಂತಕನೂ, ಚತುರ್ದಿನೈಕವಾರಜಲಪ್ರದಾಯಕನೂ, ಈಗ ವಿಜಯಿಯೂ ಆದ ಈರಭದ್ರಪ್ಪನು ಆನಂದಬಾಷ್ಪಪರವಶನಾಗಿ ಅದನ್ನು ಒಂದೇ ಗುಟುಕಿಗೆ ಬಾಯಿಗೆ ಸುರಿದುಕೊಂಡನು.

ಆ ಯುದ್ಧದಲ್ಲಿ ಆದ ಗಾಯ ಅದೊಂದೇ: ನಾಲಿಗೆಯ ತುದಿ, ಸಾಸಿವೆಯಷ್ಟು.

"ಎಲಾ ಇವನ!" ಎಂದಳು ಬಸಲಿಂಗವ್ವ, ಅವನ ನಾಲಿಗೆಗೆ ಒಂದು ಚಿಟಿಕೆ ಸಕ್ಕರೆ ಹಚ್ಚುತ್ತ. "ಊರಿಗೆಲ್ಲಾ ನೀರು ಕುಡಿಸ್ತೀ, ನಿನಗ ಊದಿ ಕುಡಿಯಾಕ ಬರಂಗಿಲ್ಲೇನೋ?"