ನೊರೆ ಬಾರದ ಕೈತೊಳೆ ದ್ರಾವಣವನ್ನು ನಂಬತಕ್ಕದ್ದೆಂಬ ಬಗ್ಗೆ

ಸಂಖ್ಯೆ: ತೊಳೆ/ಒರೆಸು/ನೊರೆರಹಿತ/ಪರಿಷ್ಕೃತದ ಪರಿಷ್ಕೃತ
ಇಲಾಖಾ ಕಚೇರಿ, ನೆಲಮಹಡಿ, ವಾಶ್‌ಬೇಸಿನ್ ಪಕ್ಕ

ಸುತ್ತೋಲೆ

ವಿಷಯ: ಕಚೇರಿಯಲ್ಲಿ ಬಿಲ್ಲೆ ಸೋಪಿನ ಬದಲು ಚರ್ಮಕ್ಕೆ ಹಿತವಾದ ಮೃದು ದ್ರಾವಣ ಬಳಸುವ, ಹಾಗೂ ಅದರಲ್ಲಿ ನೊರೆ ಬರಲಿಲ್ಲವೆಂದು ಸಿಬ್ಬಂದಿ ಮುಖ ಊದಿಸಿಕೊಳ್ಳಬಾರದೆಂಬ ಬಗ್ಗೆ.

ಉಲ್ಲೇಖ: (೧) ಇದೇ ವಿಷಯದ ಹಿಂದಿನ ಸುತ್ತೋಲೆ (ಒದ್ದೆಯಾದ್ದರಿಂದ ಓದಲಾಗಿಲ್ಲ).
(೨) ಮುದ್ರೆ ವಿಭಾಗದ ಗುಮಾಸ್ತರ ಮೌಖಿಕ ಗೊಣಗಾಟ.

ಮೇಲ್ಕಂಡ ವಿಷಯದಲ್ಲಿ ಕಚೇರಿಯ ಮೆಟ್ಟಿಲುಗಳ ಮೇಲೆ ಬಗೆಬಗೆಯ ಕಥೆಗಳು ಹಬ್ಬಿರುವುದರಿಂದ, ನಡೆದದ್ದನ್ನು ನಡೆದಂತೆ ತಿಳಿಸಿ, ಆನಂತರ ಪಾಲಿಸಬೇಕಾದ ನಿಯಮಗಳನ್ನು ಅಲ್ಲಲ್ಲೇ ಸೂಚಿಸಲಾಗಿದೆ.

೧. ಮುದ್ರೆ ವಿಭಾಗದ ಗುಮಾಸ್ತರನ್ನು ಎಲ್ಲರೂ ಸೀಲಣ್ಣ ಎಂದೇ ಕರೆಯುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಕಾಗದಗಳಿಗೆ ಸೀಲು ಒತ್ತುವುದು ಅವರ ಕೆಲಸ. ಬೆರಳಿಗೆ ನೇರಳೆ ಶಾಯಿ ಅಂಟುವುದು, ಅದನ್ನು ಹಳದಿ ಬಿಲ್ಲೆ ಸೋಪಿನಿಂದ ಉಜ್ಜುವುದು, ಮತ್ತೆ ಅಂಟುವುದು, ಮತ್ತೆ ಉಜ್ಜುವುದು ನಡೆದೇ ಇತ್ತು. ಸದರಿ ಸೋಪು ಶಾಯಿಯ ಜೊತೆಗೆ ಚರ್ಮದ ಸ್ವಂತ ಜಿಡ್ಡನ್ನೂ ತೊಳೆದು ಹಾಕಿದ್ದರಿಂದ, ಸೀಲಣ್ಣನವರ ಬೆರಳ ತುದಿಗಳು ಹಳೇ ಸೋಫಾದ ರೆಕ್ಸಿನ್ನಿನಂತೆ ಬಿರುಕು ಬಿಟ್ಟಿದ್ದವು.

೨. ಇದೇ ಇಲಾಖೆಯ ಮಿಶ್ರಣಾಧಿಕಾರಿಯವರು ಸೀಲಣ್ಣನವರ ಒಡಹುಟ್ಟಿದ ಅಕ್ಕ. ಸೀಲಣ್ಣನವರು ಊಟದ ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ತೆಗೆಯಲಾರದೆ ಎರಡು ಮಣಿಕಟ್ಟುಗಳ ನಡುವೆ ಸಿಕ್ಕಿಸಿ ತೆಗೆಯುತ್ತಿದ್ದುದನ್ನು ಅವರು ಒಮ್ಮೆ ಕಂಡರು. ಅಂದೇ ಮಿಶ್ರಣ ಕೊಠಡಿಗೆ ಹೋಗಿ, ಮೇಲಿನಿಂದ ಯಾವುದೇ ಆದೇಶವಿಲ್ಲದೆ ಕೆಲಸ ಆರಂಭಿಸಿದರು. ಪೂರ್ವಾನುಮತಿ ಇಲ್ಲದೆ ಮರುಕಪಟ್ಟ ಬಗ್ಗೆ ಅವರಿಂದ ವಿವರಣೆ ಕೇಳಲಾಗಿತ್ತು. "ತಮ್ಮ ಅಲ್ವಾ ಸಾರ್" ಎಂಬ ವಿವರಣೆಯನ್ನು ಅಂಗೀಕರಿಸಲಾಗಿದೆ.

೩. ಬಿಲ್ಲೆ ಸೋಪಿನದು ಕ್ಷಾರಗುಣ. ಚರ್ಮಕ್ಕಾದರೋ ತುಸು ಹುಳಿಗುಣವೇ ಹಿತ. ಆದ್ದರಿಂದ ಮಿಶ್ರಣಾಧಿಕಾರಿಯವರು ತೆಂಗಿನೆಣ್ಣೆ ಮತ್ತು ಸಕ್ಕರೆಯಿಂದ ತಯಾರಾಗುವ ಸೌಮ್ಯವಾದ ಶುದ್ಧಿಕಾರಕವನ್ನು ನೀರಿಗೆ ಬೆರೆಸಿ, ಗ್ಲಿಸರಿನ್ ಸೇರಿಸಿ, ನಿಂಬೆಹುಳಿಯ ಪುಡಿಯಿಂದ ಹದಕ್ಕೆ ತಂದರು. ಪರಿಮಳ ಹಾಕಲಿಲ್ಲ. ಹೀಗಾಗಿ ಸಿಬ್ಬಂದಿಯು ಒಬ್ಬರ ಕೈಯನ್ನು ಒಬ್ಬರು ಮೂಸಿ ನೋಡುವ ಪದ್ಧತಿಯನ್ನು ತಕ್ಷಣದಿಂದ ನಿಲ್ಲಿಸತಕ್ಕದ್ದು.

೪. ಮೊದಲ ಪ್ರಯತ್ನದಲ್ಲಿ ಬೇರೆ ಎಣ್ಣೆಯನ್ನೂ ಸೇರಿಸಿದ್ದರಿಂದ ದ್ರಾವಣವು ಮಾತು ಬಿಟ್ಟ ಓರಗಿತ್ತಿಯರಂತೆ ಮೇಲೊಂದು ಕೆಳಗೊಂದು ಪದರವಾಗಿ ಬೇರೆ ಬೇರೆ ಕುಳಿತಿತು. ಎರಡನೆಯದು ಕೂಡಿಕೊಂಡಿತಾದರೂ ಅಂಗೈಯಲ್ಲಿ ಜಾರಿಕೆ ಉಳಿಸಿತು. ಊಟದ ನಂತರ ಕಡತ ಕೊಠಡಿಯ ಬಾಗಿಲಿನ ಗುಂಡು ಹಿಡಿಕೆಯನ್ನು ಯಾರಿಂದಲೂ ತಿರುಗಿಸಲಾಗದೆ ಇಡೀ ವಿಭಾಗ ಒಳಗೇ ಉಳಿಯಿತು. ಆ ಅವಧಿಯನ್ನು ಕರ್ತವ್ಯವೆಂದು ಪರಿಗಣಿಸಲಾಗಿದೆ. ಆಗ ಯಾರೋ ಹಾಡು ಹೇಳಿದ್ದನ್ನು ಪರಿಗಣಿಸಿಲ್ಲ.

೫. ಮೂರನೆಯ ಸಲ ದ್ರಾವಣ ಸರಿಯಾಗಿತ್ತು, ಸ್ವಲ್ಪ ತೆಳುವಷ್ಟೇ. ಚಿಟಿಕೆ ಉಪ್ಪು ಹಾಕಿದರೆ ಗಟ್ಟಿಯಾಗುತ್ತದೆಂದು ಕೇಳಿಸಿಕೊಂಡ ಅಧೀಕ್ಷಕರು, ಸಹಾಯ ಮಾಡುವ ಉತ್ಸಾಹದಲ್ಲಿ ಹಿಡಿಗಟ್ಟಲೆ ಸುರಿದರು. ದ್ರಾವಣ ಒಮ್ಮೆ ಜೇನಿನಂತಾಗಿ, ಮರುಕ್ಷಣವೇ ನೀರಾಯಿತು. ಉಪ್ಪು ಹಾಕುವ ಅಧಿಕಾರ ಇನ್ನು ಮುಂದೆ ಮಿಶ್ರಣಾಧಿಕಾರಿಗೆ ಮಾತ್ರ ಇರತಕ್ಕದ್ದು. ಜಾಸ್ತಿ ಹಾಕಿದಷ್ಟೂ ಒಳ್ಳೆಯದೆಂಬ ಅಧೀಕ್ಷಕರ ಅಭಿಪ್ರಾಯವನ್ನು ಅವರ ಸ್ವಂತ ಊಟದ ಡಬ್ಬಿಗೆ ಸೀಮಿತಗೊಳಿಸಲಾಗಿದೆ.

೬. ಮತ್ತೆ ಮಾಡಿದ ದ್ರಾವಣವನ್ನು ಸಿಬ್ಬಂದಿಯ ಮೊಣಕೈಯ ಒಳಮಗ್ಗುಲಿಗೆ ಹಚ್ಚಿ ಪರೀಕ್ಷಿಸಲಾಯಿತು. ಯಾರಿಗೂ ತುರಿಕೆ ಬರಲಿಲ್ಲ. ಬಂದೀತೆಂದು ಮುಂಚಿತವಾಗಿ ರಜೆ ಕೇಳಿದವರು ಕೆಲಸಕ್ಕೆ ಹಾಜರಾಗತಕ್ಕದ್ದು.

೭. ಆದರೆ ಯಾರಿಗಾಗಿ ಇಷ್ಟೆಲ್ಲ ನಡೆಯಿತೋ ಆ ಸೀಲಣ್ಣನವರೇ ಒಲ್ಲೆನೆಂದರು. ವಾಶ್‌ಬೇಸಿನ್ ಬಳಿ ನಡೆದ ಮಾತುಕತೆಯನ್ನು ಸರದಿಯಲ್ಲಿ ನಿಂತಿದ್ದವರು ಕೇಳಿಸಿಕೊಂಡಿದ್ದು, ಅದು ಈ ಕೆಳಕಂಡಂತಿದೆ:

"ಅಕ್ಕಾ, ನೊರೆ ಇಲ್ಲ, ವಾಸನೆ ಇಲ್ಲ. ಇದ್ರಲ್ಲಿ ತೊಳೆದ್ರೆ ತೊಳೆದಿದ್ದು ಕೈಗೇ ಗೊತ್ತಾಗಲ್ಲ."

"ಗೊತ್ತಾಗಬಾರ್ದು ಅಂತಾನೇ ಮಾಡಿರೋದು ಕಣೋ."

"ಚಿಕ್ಕವನಿದ್ದಾಗ ನನ್ನ ತಲೆಗೆ ಏನೋ ಕಲಸಿ ಹಚ್ಚಿ, ಕೂದಲೆಲ್ಲ ಅಂಟಿಕೊಂಡು ಬೋಳಿಸಬೇಕಾಯ್ತಲ್ಲ, ಮರೆತುಬಿಟ್ಯಾ?"

ಮಿಶ್ರಣಾಧಿಕಾರಿಯವರು ನಕ್ಕರು. ಆದರೆ ಬಾಟಲಿಯ ಮುಚ್ಚಳವನ್ನು, ಅದು ಆಗಲೇ ಬಿಗಿಯಾಗಿದ್ದರೂ, ಸುಮ್ಮನೆ ತಿರುಗಿಸುತ್ತಲೇ ನಿಂತಿದ್ದರು. ಸೀಲಣ್ಣನವರು ಹಳದಿ ಬಿಲ್ಲೆ ಹಿಡಿದು ಹೋದರು. ನೊರೆಯಿಲ್ಲದೆ ಮನಸ್ಸಿಗೆ ಸಮಾಧಾನವಾಗದವರು ಲಿಖಿತ ಮನವಿ ಸಲ್ಲಿಸಿದಲ್ಲಿ, ಬೋಗುಣಿಯಲ್ಲಿ ಪ್ರತ್ಯೇಕವಾಗಿ ನೊರೆ ಮಾಡಿ ದೂರದಿಂದ ತೋರಿಸಲಾಗುವುದು. ಮುಟ್ಟತಕ್ಕದ್ದಲ್ಲ.

೮. ಈ ನಡುವೆ ಇನ್ನೊಂದು ತೊಡಕು ಬೆಳೆಯುತ್ತಿತ್ತು. ನಮ್ಮ ಇಲಾಖೆಗೇ ಸೇರಿದ ದೂರದ ಆಸ್ಪತ್ರೆಯ ನರ್ಸಮ್ಮನೊಬ್ಬರು ಗಂಡನಿರುವ ಊರಿಗೆ ವರ್ಗ ಕೇಳಿ ಅರ್ಜಿ ಹಾಕುತ್ತಲೇ ಇದ್ದರು. ಅದು ತಿರಸ್ಕೃತವಾಗುತ್ತಲೇ ಇತ್ತು. ನಮ್ಮ ಕಚೇರಿಯಲ್ಲಿ ಸೀಲಿನ ಪಕ್ಕ ಕೆಂಪು ಚುಕ್ಕೆ ಇದ್ದರೆ ಮೇಲಿನವರಿಗೆ ಒಪ್ಪಿಗೆಯಿಲ್ಲ ಎಂದರ್ಥ. ಆ ಚುಕ್ಕೆ ಇಟ್ಟವರು ನಿರ್ದೇಶಕರೆಂದು ಅಧೀಕ್ಷಕರೂ, ಅಧೀಕ್ಷಕರೆಂದು ನಿರ್ದೇಶಕರೂ ಭಾವಿಸಿ, ಪರಸ್ಪರ ಗೌರವದಿಂದ ಸುಮ್ಮನಿದ್ದರು.

೯. ಕೊನೆಗೆ ನರ್ಸಮ್ಮ ತಾವೇ ಬಂದರು. "ಮದುವೆ ಆದಾಗಿಂದ ಗಂಡನ ಮುಖ ಫೋನಲ್ಲೇ ನೋಡ್ತಿದೀನಿ. ಬೇಡ ಅನ್ನೋದಾದ್ರೆ ಯಾಕೆ ಬೇಡ ಅಂತಾದ್ರೂ ಹೇಳಿ" ಎಂದರು. ಸೀಲಣ್ಣನವರು ಅವರ ಹೊಸ ಅರ್ಜಿ ತೆಗೆದುಕೊಂಡು, ಎಂದಿನಂತೆ ಒತ್ತಿ ಸೀಲು ಹಾಕಿ ಕೈ ಎತ್ತಿದರು. ನೇರಳೆ ವೃತ್ತದ ಪಕ್ಕದಲ್ಲಿ, ಎಲ್ಲರ ಕಣ್ಣೆದುರೇ, ಒಂದು ಕೆಂಪು ಚುಕ್ಕೆ ಮೂಡಿತ್ತು.

"ಅಯ್ಯೋ, ಇದು ನಂದೇ ರಕ್ತ" ಎಂದರು ಸೀಲಣ್ಣ.

ನರ್ಸಮ್ಮ ಅರ್ಜಿಯನ್ನು ಬಿಟ್ಟು ಅವರ ಕೈಯನ್ನು ಹಿಡಿದು ತಿರುಗಿಸಿ ನೋಡಿದರು. ಸಿಟ್ಟು ಮಾಡುವುದನ್ನೇ ಮರೆತರು. "ಕೈನ ಹೀಗೆ ಇಟ್ಕೊಂಡಿದೀರಲ್ಲಣ್ಣಾ! ಹೇಳೋರು ಯಾರೂ ಇಲ್ವಾ ನಿಮಗೆ?"

"ಇದಾಳೆ. ಹೇಳ್ತಾನೇ ಇರ್ತಾಳೆ. ನಾನೇ ಕೇಳಲ್ಲ."

ಮಿಶ್ರಣಾಧಿಕಾರಿಯವರು ಬಾಗಿಲಲ್ಲೇ ನಿಂತಿದ್ದರು. ತಮ್ಮನಿಗೆ ಬೈಯುವ ಅವಕಾಶವಿದ್ದರೂ ಅದನ್ನು ಬಳಸಿಕೊಳ್ಳಲಿಲ್ಲವೆಂದು ದಾಖಲಿಸಲಾಗಿದೆ.

೧೦. ಸೀಲಣ್ಣನವರು ಎದ್ದು ವಾಶ್‌ಬೇಸಿನ್ನಿಗೆ ಹೋಗಿ ಹೊಸ ಬಾಟಲಿ ಒತ್ತಿದರು. ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಉರಿಯುವುದನ್ನು ಕಾದರು. ಉರಿಯಲಿಲ್ಲ. ಇನ್ನೂ ಕಾದರು. ಆಗಲೂ ಉರಿಯಲಿಲ್ಲ. ಶಾಯಿ ಮಾತ್ರ ಮೆಲ್ಲಗೆ ನೀರಿನೊಂದಿಗೆ ಇಳಿದುಹೋಯಿತು. ನಲ್ಲಿ ಹರಿಯುತ್ತಲೇ ಇದ್ದುದನ್ನು ಅಧೀಕ್ಷಕರು ನೋಡಿಯೂ ನಿಲ್ಲಿಸೆಂದು ಹೇಳಲಿಲ್ಲ. ಇದನ್ನು ಪೂರ್ವನಿದರ್ಶನವೆಂದು ಯಾರೂ ಉಲ್ಲೇಖಿಸತಕ್ಕದ್ದಲ್ಲ.

೧೧. ನರ್ಸಮ್ಮನ ವರ್ಗಾವಣೆಗೆ ನಿರ್ದೇಶಕರು ಅಂದೇ ಸಹಿ ಹಾಕಿದರು. ಹಿಂದಿನ ಕೆಂಪು ಚುಕ್ಕೆಯ ಅರ್ಜಿಗಳನ್ನೆಲ್ಲ ಹೊರತೆಗೆದು ಮರುಪರಿಶೀಲಿಸಲಾಗುತ್ತಿದೆ. ಇವುಗಳಲ್ಲಿ ಅಧೀಕ್ಷಕರ ಬಡ್ತಿಯ ಅರ್ಜಿಯೂ ಸಿಕ್ಕಿದೆ. ಅದರ ಚುಕ್ಕೆ ಮಾತ್ರ ಶಾಯಿಯದೇ ಎಂದು ಖಚಿತಪಟ್ಟಿದೆ.

೧೨. ಬಿರುಕುಗಳು ನಿಧಾನವಾಗಿ ಕೂಡಿಕೊಂಡವು. ಒಂದು ಸಂಜೆ, ಕಚೇರಿ ಮುಚ್ಚುವ ಹೊತ್ತಿಗೆ, ಸೀಲಣ್ಣನವರು ಮಿಶ್ರಣ ಕೊಠಡಿಯ ಬಾಗಿಲು ತಟ್ಟಿ ಖಾಲಿ ಬಾಟಲಿ ಚಾಚಿದರು. "ಮುಗೀತು ಕಣೇ ಅಕ್ಕಾ. ಮನೆಗೂ ಒಂದು ಕೊಡು" ಎಂದರು. ಇಲಾಖೆಯ ವಸ್ತುವನ್ನು ಮನೆಗೊಯ್ಯಬಾರದೆಂಬ ನಿಯಮವಿದೆ. ಮಿಶ್ರಣಾಧಿಕಾರಿಯವರು ಬಾಟಲಿಯನ್ನು ಕತ್ತಿನವರೆಗೂ ತುಂಬಿಸಿ ಕೊಟ್ಟರು. ತಮ್ಮ ಮೆಟ್ಟಿಲಿಳಿದು ಹೋದ ಮೇಲೆ ಬಾಗಿಲು ಹಾಕಿಕೊಂಡು ಮುಖ ತೊಳೆದುಕೊಂಡರು. ಹೊರಬಂದಾಗ ಅವರ ಕಣ್ಣು ಕೆಂಪಗಿದ್ದುದು ದ್ರಾವಣದಿಂದಲ್ಲವೆಂದು, ದ್ರಾವಣದ ಒಳ್ಳೆಯ ಹೆಸರಿನ ದೃಷ್ಟಿಯಿಂದ, ಈ ಮೂಲಕ ಸ್ಪಷ್ಟಪಡಿಸಲಾಗಿದೆ.

(ಸಹಿ ಇದೆ, ಒಣಗುತ್ತಿದೆ)
ನಿರ್ದೇಶಕರು
ತೊಳೆಯುವಿಕೆ ಮತ್ತು ಒರೆಸುವಿಕೆ

ಪ್ರತಿಗಳು:
ಅಧೀಕ್ಷಕರಿಗೆ, ಸಾಂತ್ವನದೊಂದಿಗೆ.
ಮುದ್ರೆ ವಿಭಾಗಕ್ಕೆ, ಮೆತ್ತಗೆ ಸೀಲು ಒತ್ತುವ ಕೋರಿಕೆಯೊಂದಿಗೆ.
ಹಳದಿ ಸೋಪು ಸರಬರಾಜುದಾರರಿಗೆ: ಉಳಿದ ಬಿಲ್ಲೆಗಳನ್ನು ನೆಲ ತೊಳೆಯಲು ಬಳಸಲಾಗುವುದು. ನೆಲದಿಂದ ದೂರು ಬಂದಿಲ್ಲ.
ನರ್ಸಮ್ಮನ ಯಜಮಾನರಿಗೆ: ಬಸ್ ನಿಲ್ದಾಣಕ್ಕೆ ಬೇಗ ಬಂದು ಕಾಯತಕ್ಕದ್ದು. ಅವರ ಬಳಿ ಸಾಮಾನು ಜಾಸ್ತಿಯಿದೆ.