ಕೂಸಿನ ಹಿಟ್ಟಿನ ಪಾಳಿ

ಕಚೇರಿಯ ಕಿಟಕಿಯಾಚೆ ಐವತ್ತು ಜನ ಗದ್ದಲ ಮಾಡುತ್ತಿದ್ದರೂ ಒಂದೇ ಗದರಿಕೆಗೆ ಸುಮ್ಮನಾಗಿಸುವ ಗಂಡಸು ನಾನು. ಆದರೆ ಹಿಟ್ಟಿನ ಗಿರಣಿಯಲ್ಲಿ ನಾಲ್ಕು ಜನ ಹೆಂಗಸರ ನಡುವೆ ಚೀಲ ಹಿಡಿದು ನಿಂತರೆ ನನ್ನ ಬಾಯಿಗೆ ಬೀಗ ಬೀಳುತ್ತದೆ. ಇದು ನಾಚಿಕೆಯೋ ಅಹಂಕಾರವೋ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ನನ್ನ ಹೆಂಡತಿ ಶಶಿಕಲಾ ಯೋಚಿಸದೆಯೇ ಉತ್ತರ ಹೇಳುತ್ತಾಳೆ, ಎರಡೂ ಎಂದು. ಅದರ ದಂಡವನ್ನು ನಾನು ಕಟ್ಟಿದ್ದರೆ ಚಿಂತೆಯಿರಲಿಲ್ಲ. ಏಳು ತಿಂಗಳ ನನ್ನ ಮಗಳು ತನ್ನ ನಾಲಗೆಯಿಂದ ಕಟ್ಟಬೇಕಾಯಿತು.

ಶಶಿಕಲಾ ಪಾಮನಕಲ್ಲೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ನಾವಿರುವುದು ಮಸ್ಕಿಯಲ್ಲಿ. ಹೆರಿಗೆ ರಜೆ ಮುಗಿದು ಬರುವ ಸೋಮವಾರ ಆಕೆ ಹಾಜರಾಗಬೇಕಿತ್ತು. ಹತ್ತನೆಯ ತರಗತಿಯ ಮಕ್ಕಳು ಫೋನು ಮಾಡಿ "ಟೀಚರ್, ಯಾವಾಗ ಬರ್ತೀರಿ?" ಎಂದು ಕೇಳಿದರೆ ಒಂದು ಗಂಟೆ ಖುಷಿಯಲ್ಲಿರುತ್ತಿದ್ದಳು. ಆಮೇಲೆ ತೊಟ್ಟಿಲ ಕಡೆ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಮಗಳಿಗೆ ತಾಯಿಯ ಹಾಲು ಬಿಟ್ಟರೆ ಬೇರೇನೂ ಸೇರುತ್ತಿರಲಿಲ್ಲ. ಗಂಜಿಯ ತಿಳಿ ಕೊಟ್ಟರೆ ಅಷ್ಟನ್ನೂ ನನ್ನ ಅಂಗಿಯ ಮೇಲೆ ಉಗುಳುತ್ತಿದ್ದಳು. "ಮಧ್ಯಾಹ್ನಕ್ಕ ಒಂದು ಬಟ್ಟಲ ಗಂಜಿ ಉಂಡ್ರ ನಾ ಧೈರ್ಯಲೇ ಹೋಗ್ತೀನ್ರಿ. ಇಲ್ಲಂದ್ರ ಈ ವರ್ಷದ ಮಟ್ಟಿಗೆ ರಜಾ ಬರೆದು ಕೊಟ್ಟುಬಿಡ್ತೀನಿ" ಎಂದಳು. ನಾನು ಎದೆ ಸೆಟೆಸಿ, "ಕೂಸಿನ ಊಟದ ಜವಾಬ್ದಾರಿ ನಂದು. ನೀ ಸುಮ್ನ ಪಾಠ ತಯಾರಿ ಮಾಡ್ಕೋ" ಎಂದುಬಿಟ್ಟೆ. ಗಂಡಸಿನ ಬಾಯಿ ತೆರೆಯಬಾರದ ಕಡೆ ಹೀಗೆ ತಾನಾಗಿಯೇ ತೆರೆದುಕೊಳ್ಳುತ್ತದೆ.

ಮೊಮ್ಮಗಳನ್ನು ನೋಡಿಕೊಳ್ಳಲೆಂದು ನಮ್ಮವ್ವ ವಳಕಮದಿನ್ನಿಯಿಂದ ಬಂದು ನಮ್ಮಲ್ಲೇ ಉಳಿದಿದ್ದಳು. "ಹಿಟ್ಟು ನಾ ಮಾಡ್ತೀನಿ ಬಿಡೋ" ಎಂದು ಆಕೆ ಹೇಳಿದ್ದಳು. ನಾನು ಕೇಳಲಿಲ್ಲ. ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿದ್ದೆನಲ್ಲ, ನಮ್ಮವ್ವ ಸಾಕಿದ್ದು ಬರೀ ಐದು ಮಕ್ಕಳನ್ನು. ಅವ್ವ ಊರಿಂದ ತಂದಿದ್ದ ಅಕ್ಕಿಯನ್ನು ತೊಳೆದು, ನೆರಳಲ್ಲಿ ಪಂಚೆಯ ಮೇಲೆ ಆರಿಸಿದೆ. ಹೆಸರುಬೇಳೆಗೂ ಗೋಧಿಗೂ ಅದೇ ಮರ್ಯಾದೆಯಾಯಿತು. ಬುಧವಾರ ಬೆಳಿಗ್ಗೆ ಕಚೇರಿಗೆ ಹೋಗುವ ಮುಂಚೆ ಹುರಿಯಲು ಕುಳಿತೆ. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿಯಲು ಹೋದವನ ಕೈಯನ್ನು ಅವ್ವ ಹಿಡಿದಳು. "ಒಂದೊಂದೇ ಹುರಿ. ಅಕ್ಕಿ ಕೆಂಪಾಗೂದ್ರೊಳಗ ಬ್ಯಾಳಿ ಕರ್ರಗಾಗಿ ಕುಂದರ್ತೈತಿ." ಕೊನೆಗೆ ಜೀರಿಗೆ, ಅಜವಾನ. ಅವ್ವ ಚಿಟಿಕೆ ಎಂದಳು. ಜೀರ್ಣಕ್ಕೆ ಒಳ್ಳೆಯದೆಂದು ನಾನು ಹಿಡಿ ಹಾಕಿದೆ. ಘಮ ಓಣಿಯ ತುದಿಯವರೆಗೆ ಹೋಯಿತು. ಎದುರು ಮನೆಯವರು ಬಾಗಿಲಿಗೆ ಬಂದು, ಏನು ವಿಶೇಷ ಎಂದು ಕೇಳಿದರು. ಅಷ್ಟು ಹೆಮ್ಮೆ ನನಗೆ ನೌಕರಿಯ ಆದೇಶ ಕೈಗೆ ಬಂದ ದಿನವೂ ಆಗಿರಲಿಲ್ಲ.

ಗಿರಣಿಯಲ್ಲಿ ಮೂರು ಯಂತ್ರ. ಜೋಳದ್ದಕ್ಕೆ ಉದ್ದ ಪಾಳಿ, ಅಕ್ಕಿ-ಗೋಧಿಯದಕ್ಕೆ ಅದಕ್ಕಿಂತ ಉದ್ದ. ಮೂಲೆಯ ಮೂರನೆಯದರ ಮುಂದೆ ನರಪಿಳ್ಳೆಯಿಲ್ಲ. ನನ್ನ ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಮುದುಕಿಯೊಬ್ಬಳು, "ಏನಪಾ ಅದು, ಇಷ್ಟ ಸಣ್ಣ ಚೀಲ?" ಎಂದು ಕೇಳಿದಳು. ಕೂಸಿನ ಹಿಟ್ಟು ಎಂದರೆ ಮುಗಿದುಹೋಗುತ್ತಿತ್ತು. ಅಷ್ಟೂ ಹೆಂಗಸರು ನನ್ನತ್ತ ತಿರುಗಿ, ಮನೆಯಲ್ಲಿ ಹೆಂಡತಿ ಇಲ್ಲವೇ, ಜಗಳವಾಡಿ ತವರಿಗೆ ಹೋದಳೇ ಎಂದು ವಿಚಾರಿಸುವರೆಂಬ ಭಯ. "ಏನಿಲ್ಲವ್ವಾ, ಹಿಂಗ ಸ್ವಲ್ಪ" ಎಂದು ಮೀಸೆ ತಿರುವಿದೆ. ಗಿರಣಿಯ ಮೌನೇಶಪ್ಪ ಬಂದು, "ಏನೈತ್ರಿ ಸಾಹೇಬ್ರ?" ಎಂದ. "ಹುರಿದದ್ದು. ನುಣ್ಣಗ ಬೀಸು. ಜಲ್ದಿ ಆಗ್ಬೇಕು, ಆಫೀಸಿಗೆ ಹೊತ್ತಾಗೈತಿ." ಅವನು ಚೀಲದ ಬಾಯಿಗೆ ಮೂಗು ಹಿಡಿದು, "ವಾಸನಿ ಭಾರಿ ಐತ್ರಿ" ಎಂದು ಮೆಚ್ಚಿ, ಸೀದಾ ಮೂಲೆಯ ಯಂತ್ರಕ್ಕೆ ಸುರಿದ. ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಪಾಳಿಯಲ್ಲಿ ನಿಂತವರನ್ನು ಕಂಡು ನನಗೆ ಕನಿಕರವೇ ಆಯಿತು.

ಸಂಜೆ ಗಂಜಿ ಕಾಸಿದೆ. ಬಣ್ಣ ಸ್ವಲ್ಪ ಕೆಂಪಗಿತ್ತು. ಹುರಿದ ಹದ ಎಂದುಕೊಂಡೆ. ಒಂದು ಚಮಚ ರುಚಿ ನೋಡಿದೆ. ಉಪ್ಪಿಲ್ಲ, ಸಕ್ಕರೆಯಿಲ್ಲ, ಆದರೂ ಚೆನ್ನಾಗಿತ್ತು! ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಚಮಚದ ತುದಿಯಲ್ಲಿ ತೆಗೆದು ಮಗಳ ತುಟಿಗೆ ಹಚ್ಚಿದೆ. ಆಕೆ ಒಂದು ಕ್ಷಣ ನನ್ನ ಮುಖವನ್ನು ನೋಡಿದಳು. ಆಮೇಲೆ ಕೆಂಪಾಗಿ ಕಿರುಚಿಕೊಂಡಳು. ಅವ್ವ ಬಟ್ಟಲಿಗೆ ಬೆರಳದ್ದಿ ನೆಕ್ಕಿ, "ಎಲಾ ಇವನ! ಖಾರ ಹಾಕಿಯೇನೋ?" ಎಂದು ಚೀರಿದಳು. "ಇಲ್ಲಬೇ, ನಾನೂ ತಿಂದು ನೋಡೀನಿ" ಎಂದೆ. "ನಿನ್ನ ನಾಲಗಿ ಏನು ನಾಲಗಿ? ದಿನಾ ಸಂಜಿಗೆ ಮಿರ್ಚಿ ಭಜಿ ತಿಂದು ತಿಂದು ದಡ್ಡು ಬಿದ್ದೈತಿ!" ಶಶಿಕಲಾ ಮಗಳನ್ನು ಕಸಿದುಕೊಂಡು ಹಾಲು ಕುಡಿಸಿದಳು. ಹತ್ತು ನಿಮಿಷಕ್ಕೆ ಕೂಸು ಶಾಂತವಾಯಿತು. ಹೆಂಡತಿ ಬೈಯುತ್ತಾಳೆಂದು ತಲೆ ತಗ್ಗಿಸಿ ಕಾದೆ. ಆಕೆ ಬೈಯಲಿಲ್ಲ. ಒಂದು ಹಾಳೆ ತೆಗೆದುಕೊಂಡು ರಜೆಯ ಅರ್ಜಿ ಬರೆಯಲು ಕುಳಿತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಗಿರಣಿಗೆ ಜಗಳಕ್ಕೆಂದೇ ಹೋದೆ. ಮೌನೇಶಪ್ಪ ತಲೆ ಚಚ್ಚಿಕೊಂಡ. "ಜೀರಿಗಿ ವಾಸನಿ ನೋಡಿ ಮಸಾಲಿ ಅಂತ ತಿಳಿದೆರೀ. ಮೂಲ್ಯಾಗಿನ ಗಿರಣ್ಯಾಗ ಖಾರ, ಮಸಾಲಿ ಬಿಟ್ಟು ಬ್ಯಾರೇದು ಹಾಕಂಗಿಲ್ರಿ. ಕೂಸಿನ ಹಿಟ್ಟಂತ ಒಂದು ಮಾತು ಹೇಳೂದಲ್ಲೇನ್ರಿ ಸಾಹೇಬ್ರ?" ಜಗಳಕ್ಕೆ ಹೋದವನು ಅಕ್ಕಿ ಅಳೆಯಲು ಮನೆಗೆ ತಿರುಗಿದೆ.

ಮತ್ತೆ ತೊಳೆದೆ, ಆರಿಸಿದೆ, ಒಂದೊಂದೇ ಹುರಿದೆ. ಜೀರಿಗೆಯನ್ನು ಚಿಟಿಕೆಗೆ ಇಳಿಸಿದೆ. ಶನಿವಾರ ಗಿರಣಿಯ ಹೊಸ್ತಿಲಲ್ಲೇ ನಿಂತು, ಕಚೇರಿಯಲ್ಲಿ ಬಳಸುವ ದನಿಯಲ್ಲಿ "ಕೂಸಿನ ಹಿಟ್ಟು ಐತ್ರಿ!" ಎಂದು ಕೂಗಿದೆ. ಪಾಳಿ ತಾನಾಗಿಯೇ ಸರಿದು ದಾರಿ ಬಿಟ್ಟಿತು. ಕೂಸಿನ ಹಿಟ್ಟಿಗೆ ಪಾಳಿಯಿಲ್ಲವೆಂಬುದು ಊರಿಗೆಲ್ಲ ಗೊತ್ತಿತ್ತು, ನನ್ನೊಬ್ಬನಿಗೆ ಬಿಟ್ಟು. ಮೌನೇಶಪ್ಪ ನನ್ನ ಚೀಲಕ್ಕೆ ಕೈ ಹಾಕುತ್ತಿದ್ದಂತೆ ಆವತ್ತಿನ ಅದೇ ಮುದುಕಿ ಬಂದು ತಡೆದಳು. "ತಡಿಯಪ್ಪ, ಈಗ ಕಡ್ಲಿಬ್ಯಾಳಿ ಬೀಸಿ ಹೋಗ್ಯಾರ. ಮೊದ್ಲು ನನ್ನ ಅಕ್ಕಿ ಹಾಕು, ಕಲ್ಲು ಸ್ವಚ್ಛ ಆಗ್ಲಿ. ಉಳಿದಿದ್ದು ನನ್ನ ಹಿಟ್ಟಿನ್ಯಾಗ ಬಂದ್ರೂ ನಡೀತೈತಿ. ಕೂಸಿನ ಹೊಟ್ಟಿಗೆ ಹೋಗೂದು ಬ್ಯಾಡ." ಯಾರ ಮನೆಯ ಕೂಸೋ ಏನೋ ಆಕೆಗೆ ಗೊತ್ತಿರಲಿಲ್ಲ. ನಾನು ಹೆದರಿದ್ದ ಪ್ರಶ್ನೆಯೂ ಬಂತು, ತಾಯಿ ಎಲ್ಲಿ ಎಂದು. ಸೋಮವಾರದಿಂದ ಶಾಲೆಗೆ ಹೋಗುತ್ತಾಳೆ ಎಂದೆ. "ಹೋಗ್ಲಿ ಬಿಡು. ನೀ ಅದಿಯಲ್ಲ" ಎಂದು ಆಕೆ ಬುಟ್ಟಿ ಎತ್ತಿಕೊಂಡಳು. ಇಷ್ಟಕ್ಕೇ ನಾನು ಅಷ್ಟು ನಾಚಿದ್ದೆ.

ಹಿಟ್ಟೇನೋ ಹಾಲಿನಂತೆ ಬಂತು. ಆದರೆ ಮಗಳು ನನ್ನ ಕೈಯ ಚಮಚವನ್ನು ಮರೆತಿರಲಿಲ್ಲ. ಭಾನುವಾರವೆಲ್ಲ ಆಕೆಯ ತುಟಿ ಹೊಲಿದಂತಿತ್ತು. ಚಪ್ಪಾಳೆ ತಟ್ಟಿದೆ, ಕೋಳಿಯಂತೆ ಕೂಗಿದೆ. ಕೊನೆಗೆ ಚಮಚವನ್ನೇ ಬಸ್ಸು ಮಾಡಿ "ಸಿಂಧನೂರು, ಸಿಂಧನೂರು, ಯಾರ್ರೀ ಸಿಂಧನೂರು!" ಎಂದು ಕಂಡಕ್ಟರನಂತೆ ಓಡಾಡಿದೆ. ಬಸ್ಸು ಬಾಗಿಲವರೆಗೆ ಹೋಗಿ ತಿರುಗಿ ಬಂತು. ಶಶಿಕಲಾ ನೋಡುತ್ತಲೇ ಇದ್ದಳು, ನಗಲಿಲ್ಲ. ಸೋಮವಾರ ಅವ್ವ ಒತ್ತಾಯ ಮಾಡಿ ಆಕೆಯನ್ನು ಬಸ್ಸಿಗೆ ಕಳಿಸಿದಳು. ಅರ್ಜಿ ಆಕೆಯ ಚೀಲದಲ್ಲಿತ್ತು. "ಊಟದ ಬಿಡುವಿನ್ಯಾಗ ಫೋನ್ ಹಚ್ತೀನಿ. ಉಂಡಿದ್ದಿಲ್ಲಂದ್ರ ಇದನ್ನ ಕೊಟ್ಟು ಬಂದುಬಿಡ್ತೀನ್ರಿ" ಎಂದು ಹೇಳಿಯೇ ಹೋದಳು.

ನಾನು ಅರ್ಧ ದಿನ ರಜೆ ಹಾಕಿ ಮನೆಯಲ್ಲೇ ಉಳಿದೆ. ಹನ್ನೆರಡೂವರೆಯೊಳಗೆ ಮೂರು ಸಲ ಸೋತೆ. "ನಿನ್ನ ಮಾರಿ ನೋಡಿದ್ರ ಔಷಧ ಕುಡಿಸಾಕ ಬಂದವರಂಗ ಐತಿ. ದೂರ ಕುಂದರು" ಎಂದು ಅವ್ವ ಮಗಳನ್ನು ತನ್ನ ತೊಡೆಯ ಮೇಲೆ ಕೂರಿಸಿಕೊಂಡಳು. ಬೆಳಗಿನಿಂದ ನಾನು ಒಂದು ತುತ್ತೂ ತಿಂದಿರಲಿಲ್ಲ. ಎದುರಿಗೆ ಬಟ್ಟಲಿತ್ತು, ಆರುತ್ತಿದ್ದ ಗಂಜಿಯಿತ್ತು. ಹಾಳಾಗಲಿ ಎಂದು ಚಮಚ ಬದಿಗಿಟ್ಟು ಬೆರಳಿನಿಂದಲೇ ತಿನ್ನತೊಡಗಿದೆ. ಮೂರನೆಯ ಬೆರಳು ಬಾಯಿಗೆ ಹೋಗುವಾಗ ಮಗಳು ಅವ್ವನ ತೊಡೆಯಿಂದ ಬಾಗಿ ನನ್ನ ಕೈ ಹಿಡಿದಳು. ತನ್ನ ಬಾಯಿಗೆ ಎಳೆದುಕೊಂಡು ಚೀಪಿದಳು, ಚಪ್ಪರಿಸಿದಳು, ಮತ್ತೆ ಬಾಯಿ ತೆರೆದಳು. ನಾನು ಹಿಗ್ಗಿ ಕೂಗಲು ಹೋದೆ. "ಬಾಯಿ ಮುಚ್ಚು. ನೀ ಉಣ್ಣು, ಆಕಿಗೂ ಉಣಸು" ಎಂದು ಅವ್ವ ಪಿಸುಗುಟ್ಟಿದಳು. ನನಗೊಂದು, ಆಕೆಗೊಂದು.

ಫೋನು ಬಂದಾಗ ಬಟ್ಟಲು ಖಾಲಿಯಾಗಿತ್ತು.

"ಉಂಡಾಳೇನ್ರಿ?"

"ಉಂಡಾಳ."

"ಖರೇ ಹೇಳ್ರಿ."

"ಖರೇನ. ಇಲ್ಲೇ ಅವ್ವ ಅದಾಳ, ಕೇಳು."

"ಹಂಗಾದ್ರ ನಾನೂ ಬುತ್ತಿ ಬಿಚ್ತೀನಿ" ಎಂದಳು. ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ನಾನು ಅಷ್ಟು ಸಂತೋಷಪಟ್ಟ ಮಧ್ಯಾಹ್ನ ಇನ್ನೊಂದಿಲ್ಲ.

ಈಗ ಶಶಿಕಲಾ ದಿನಾ ಶಾಲೆಗೆ ಹೋಗುತ್ತಾಳೆ. ನಾನು ಊಟದ ಬಿಡುವಿನಲ್ಲಿ ಮನೆಗೆ ಓಡಿ ಬಂದು ಮಗಳೊಂದಿಗೆ ಗಂಜಿ ತಿನ್ನುತ್ತೇನೆ. ನಾನು ತಿನ್ನದಿದ್ದರೆ ಆಕೆ ತಿನ್ನುವುದಿಲ್ಲ. ಹಾಗೆಂದು ನಾನು ಹೇಳುತ್ತೇನೆ, ಅವ್ವ ಸಾಕ್ಷಿ ಹೇಳಲು ಒಪ್ಪುವುದಿಲ್ಲ. ಒಂದು ತಿಂಗಳಿಗೆಂದು ಬೀಸಿಸಿದ ಹಿಟ್ಟು ಹನ್ನೆರಡು ದಿನಕ್ಕೆ ತಳ ಕಂಡಿತು. ಮೊದಲು ಮಗಳ ಹಸಿವಿಗೆ ದೃಷ್ಟಿ ತೆಗೆದ ಶಶಿಕಲಾ ಆಮೇಲೆ ಡಬ್ಬಿಯನ್ನೂ, ಮಗಳ ಹೊಟ್ಟೆಯನ್ನೂ, ಕೊನೆಗೆ ನನ್ನ ಅಂಗಿಯ ಗುಂಡಿಗಳನ್ನೂ ನಿಧಾನವಾಗಿ ನೋಡಿದಳು. ಗಣಿತದ ಟೀಚರ್ ಮುಂದೆ ಸುಳ್ಳು ನಿಲ್ಲುವುದಿಲ್ಲ. "ಈ ಸಲ ಎರಡರಷ್ಟು ಹುರೀರಿ. ಆದ್ರ ಗಿರಣ್ಯಾಗ ಕೂಸಿನ ಹಿಟ್ಟಂತ ಹೇಳಿ ಮುಂದ ನುಗ್ಗಬ್ಯಾಡ್ರಿ. ಅರ್ಧಕ್ಕಿಂತ ಹೆಚ್ಚು ನಿಮ್ಮದೈತಿ, ಪಾಳಿಗೆ ನಿಲ್ರಿ" ಎಂದು ಚೀಲ ಕೈಗೆ ಕೊಟ್ಟಳು. ಹೋದ ಶನಿವಾರ ನಾನು ಏಳು ಜನರ ಹಿಂದೆ ನಿಂತಿದ್ದೆ. ಯಾರ ಹಿಟ್ಟು ಎಂದು ಕೇಳಿದವರಿಗೆಲ್ಲ ನಿಜವನ್ನೇ ಹೇಳಿದೆ.