ದಾರ ಕಟ್ಟಿಟ್ಟ ‘ಕಮಿಂಗ್ ಷಾರ್ಟ್ಲಿ’

ಎರಡನೇ ಮಹಾಯುದ್ಧದ ಕಾಲದಲ್ಲಿ ಕೋಲಾರದ ಸಣ್ಣ ಅಚ್ಚುಕೂಟವೊಂದರಲ್ಲಿ ನಾನು ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಇಂಗ್ಲಿಷ್ ಮೊಳೆಗಳು ಕಡಿಮೆ. ಆದರೂ ‘ಕಮಿಂಗ್ ಷಾರ್ಟ್ಲಿ’, ಅಂದರೆ ಬೇಗ ಬರಲಿದೆ, ಅನ್ನುವ ಎರಡು ಪದಗಳನ್ನು ಅಚ್ಚುಕೂಟದ ಮಾಲೀಕರಾದ ಸಾಹೇಬರು ಬಿಚ್ಚಲು ಬಿಡದೆ ದಾರ ಕಟ್ಟಿಸಿಟ್ಟಿದ್ದರು. ವಾರಕ್ಕೊಬ್ಬರಾದರೂ ಅದನ್ನೇ ಕೇಳಿಕೊಂಡು ಬರುತ್ತಿದ್ದರು.

ಜವಳಿ ಅಂಗಡಿ

ಬಟ್ಟೆಗೆ ಬರ. ಜವಳಿ ಅಂಗಡಿಯವರು ಖಾಲಿ ಬೀರುವಿನ ಮೇಲೆ ನಮ್ಮ ಕಾಗದ ಅಂಟಿಸಿದರು. ಮೂರು ತಿಂಗಳಾದ ಮೇಲೆ ಮತ್ತೆ ಬಂದರು.

“ಇನ್ನೊಂದು ಹಾಕ್ಕೊಡಪ್ಪ. ಹಳೇದು ಬಿಸಿಲಿಗೆ ಬೆಳ್ಳಗಾಗೋಯ್ತು.”

“ಸೀರೆ ಬಂತಾ?”

“ಎಲ್ಲಿ ಬಂತು? ಕಾಗದವಾದ್ರೂ ಹೊಸದಿರ್ಲಿ ಅಂತ.”

ಮಾವಿನ ತೋಪು

ರಾಯಲ್ಪಾಡಿನ ರೈತರೊಬ್ಬರು ಮಾವಿನಹಣ್ಣಿಗೆಂದು ಅದೇ ಸಾಲು ಕೇಳಿದರು. ಮರ ಹೂ ಬಿಟ್ಟಿದೆಯಾ ಎಂದೆ.

“ಇಂಕಾ ಲೇದು, ಇನ್ನೂ ಇಲ್ಲ. ಮೊದ್ಲು ಮರಕ್ಕೇ ಕಟ್ತೀನಿ. ನೋಡಿ ನಾಚ್ಕೊಂಡಾದ್ರೂ ಹೂ ಬಿಡ್ಲಿ.”

ಆ ವರ್ಷ ಮರ ನಾಚಿಕೊಳ್ಳಲಿಲ್ಲ.

ನನ್ನದೇ ಕಥೆ

ಊರವರನ್ನು ನೋಡಿ ನಗುತ್ತಿದ್ದೆನಲ್ಲ, ನನ್ನ ಪಾಡೇನೂ ಬೇರೆ ಇರಲಿಲ್ಲ. ಮದುವೆಯಾಗಿ ವರ್ಷವಾದರೂ ಹೆಂಡತಿ ಶ್ರೀನಿವಾಸಪುರದ ತವರಿನಲ್ಲಿ. ಬಾಡಿಗೆ ಮನೆ ಸಿಗದೆ ನಾನು ಅಚ್ಚುಕೂಟದಲ್ಲೇ ಮಲಗುತ್ತಿದ್ದೆ. ಶ್ರೀನಿವಾಸಪುರದ ಬಸ್ಸು ಕಂಡರೂ ಸಾಕು, ನಿಂತು ನೋಡುತ್ತಿದ್ದೆ. ಪ್ರತಿ ಭಾನುವಾರ “ಮನೆ ಸಿಗುತ್ತೆ, ಬೇಗ ಬಂದು ಕರ್ಕೊಂಡು ಹೋಗ್ತೀನಿ” ಅಂತ ಕಾಗದ ಬರೆಯುವುದು. ಬರೆದೂ ಬರೆದೂ ನನಗೇ ನಂಬಿಕೆ ಹೋಯಿತು. ಒಂದು ದಿನ ಗುಲಾಬಿ ಹಾಳೆಯ ಮೇಲೆ ಆ ಎರಡು ಪದಗಳನ್ನೇ ಒತ್ತಿ ಕಳಿಸಿದೆ.

ಉತ್ತರ ಬರಲಿಲ್ಲ. ಹದಿನೈದು ದಿನ ಬಿಟ್ಟು, ಪೆಟ್ರೋಲಿಲ್ಲದೆ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸಿಳಿದು, ಟ್ರಂಕು ಹಿಡಿದು ಅವಳೇ ಅಚ್ಚುಕೂಟದ ಬಾಗಿಲಿಗೆ ಬಂದು ನಿಂತಳು. ಮುಖದ ತುಂಬ ಮಸಿ. ನನ್ನ ಕಡೆ ತಿರುಗಿಯೂ ನೋಡದೆ ಗುಲಾಬಿ ಹಾಳೆಯನ್ನು ಸಾಹೇಬರ ಮುಂದಿಟ್ಟಳು.

“ಸಾಹೇಬ್ರೇ, ನಮ್ಮೂರಿನ ಟೆಂಟ್ ಸಿನಿಮಾ ಬಾಗಿಲಿಗೆ ಹೋದ ಯುಗಾದಿಯಿಂದ ಇದನ್ನೇ ಅಂಟಿಸಿದ್ರು. ಸಿನಿಮಾ ಬರ್ಲಿಲ್ಲ, ಟೆಂಟೇ ಎತ್ಕೊಂಡೋದ್ರು. ಇನ್ನು ಇವರನ್ನ ನಂಬ್ಕೊಂಡು ಕೂತ್ರೆ ಆಗಲ್ಲ ಅಂತ ನಾನೇ ಬಂದ್ಬಿಟ್ಟೆ.”

ನನಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಸಾಹೇಬರು ತಮ್ಮ ಹಿತ್ತಲಿನ ಕೋಣೆಯ ಬೀಗದ ಕೈ ತೆಗೆದು ಅವಳಿಗೆ ಕೊಟ್ಟರು. ಆಮೇಲೆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ ನನಗೆ ಹೇಳಿದರು:

“ಅರೆ, ಇಷ್ಟು ವರ್ಷ ಇದನ್ನ ಅಚ್ಚು ಹಾಕಿದೀವಿ. ನಿಜವಾಗ್ಲೂ ಬಂದಿದ್ದು ಇದೊಂದೇ ಕಣಪ್ಪ.”